ನೀರುಗಂಟಿಗೆ ಬದಲು ಗಂಟೆ ತಂದ ನಮ್ಮ ಬೀದಿ

ಕಳೆದ ವಾರ ನಮ್ಮ ಬೀದಿಯ ಕೊಳಾಯಿ ಪಕ್ಕ ಒಂದು ಗಂಟೆ ಕಟ್ಟಿದರು. ಹಿತ್ತಾಳೆಯದು. ಆನೆಯ ಕೊರಳಿಗೆ ಕಟ್ಟಿದರೆ ಆನೆಗೇ ಕತ್ತು ಉಳುಕಬೇಕು, ಅಷ್ಟು ದಪ್ಪ. (ಸ್ವಲ್ಪ ಜಾಸ್ತಿ ಹೇಳಿದೆ. ಮರಿಯಾನೆ ಅಂತ ಓದಿಕೊಳ್ಳಿ.)

ಕಾವೇರಿ ಬೆಂಗಳೂರಿಗೆ ಬಂದಿದ್ದಾಳೆ ಅಂತ ಪೇಪರಿನವರು ಬರೆದರು. ಬಂದಿರಬಹುದು. ವಿಜಯನಗರದ ನಮ್ಮ ಬೀದಿಯ ಅಡ್ರೆಸ್ ಮಾತ್ರ ಅವಳಿಗೆ ಯಾರೂ ಕೊಟ್ಟಂತಿಲ್ಲ. ಇಡೀ ಬೀದಿಗೆ ಒಂದೇ ಕೊಳಾಯಿ. ನೀರು ಬಂದರೆ ಬಿಂದಿಗೆಗಳ ಮಹಾಯುದ್ಧ. ಕೊನೆಯ ಮನೆ ನಮ್ಮದು. ಅಮ್ಮ ಓಡಿ ಬರುವಷ್ಟರಲ್ಲಿ ಕೊಳಾಯಿ ಸೀನುತ್ತಿರುತ್ತದೆ. ಅಡಿಗೆಗೆ ಎರಡು ಬಿಂದಿಗೆ ಸಿಕ್ಕಿದರೆ ಸಾಕು, ಅವಳಿಗೆ ಸ್ವರ್ಗ.

ಅದಕ್ಕೇ ಹುಟ್ಟಿತು ಕೊಳಾಯಿ ಸಮಿತಿ. ಅಧ್ಯಕ್ಷರು ಶಾಮರಾಯರು, ರಿಟೈರ್ಡ್ ಹೆಡ್‌ಮಾಸ್ಟರ್. ಅರ್ಹತೆ? ಕೊಳಾಯಿ ಇರುವುದು ಅವರ ಗೇಟಿನ ಮುಂದೆ.

ಮೊದಲ ಮೀಟಿಂಗಿನಲ್ಲಿ ಕಾಫಿ ಇರಲಿಲ್ಲ. (ನೀರಿರಲಿಲ್ಲ.) ಭಾಷಣ ಧಾರಾಳವಾಗಿತ್ತು.

"ಹಿಂದೆ ನಮ್ಮ ಹಳ್ಳಿಹಳ್ಳೀಲೂ ನೀರುಗಂಟೆ ಅಂತ ಇರ್ತಿತ್ತು. ಅದಕ್ಕೇ ಜಗಳ ಇರ್ಲಿಲ್ಲ" ಎಂದರು ರಾಯರು.

"ಸಾರ್, ಅದು ನೀರುಗಂಟಿ ಅಲ್ವಾ?" ಎಂದೆ ನಾನು.

"ಗಂಟಿ ಅನ್ನೋದು ಹಳ್ಳಿಯವರ ಉಚ್ಚಾರ ಕಣೋ. ಶುದ್ಧವಾಗಿ ಗಂಟೆ ಅನ್ಬೇಕು. ಏನು ಓದ್ತೀರೋ ಕಾಲೇಜಲ್ಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಟೆ ಬಂತು. ನೀರು ಬಂದ ತಕ್ಷಣ ಬಾರಿಸುವ ಹೊಣೆಯನ್ನು ರಾಯರೇ ಹೊತ್ತರು. ಎಂಥ ತ್ಯಾಗ!

ಆಮೇಲೆ ಏನಾಯಿತು ಗೊತ್ತಾ? ಗಂಟೆ ಕೇಳಿ ಯಾರೇ ಓಡಿಬಂದರೂ ರಾಯರ ಅಂಗಳದ ಡ್ರಮ್ಮು ಆಗಲೇ ತುಂಬಿ ತುಳುಕುತ್ತಿತ್ತು. ಅಮ್ಮನಿಗೆ ಮಾತ್ರ ಅದೇ ಸೀನು.

ಮೊನ್ನೆ ಗಂಟೆ ಬಾರಿಸುತ್ತಿರುವಾಗಲೇ, ಕೊಳಾಯಿಯಲ್ಲಿ ಇನ್ನೂ ನೀರಿರುವಾಗಲೇ, ಅಮ್ಮ ಖಾಲಿ ಬಿಂದಿಗೆಗಳ ಸಮೇತ ರಾಯರ ಎದುರೇ ನಿಂತಳು.

"ರಾಯರೇ, ನಂದು ಕೆಂಗೇರಿ ಆಚೆ ಊರು. ನೀರುಗಂಟಿ ಅಂದ್ರೆ ಗಂಟೆ ಅಲ್ಲ, ಮನುಷ್ಯ. ಕೆರೆ ತೂಬು ತೆಗೆದು ಎಲ್ಲರ ಗದ್ದೆಗೂ ಸರದಿ ಪ್ರಕಾರ ನೀರು ಬಿಡೋನು."

ರಾಯರು ಗಂಟೆಯ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದರು. "ಹೌದೇನಮ್ಮಾ? ಹಾಗಾದ್ರೆ ಆ ಕೆಲಸಾನೂ ನಾನೇ ನೋಡ್ಕೋತೀನಿ ಬಿಡಿ."

"ಆಗಲ್ಲ. ನಮ್ಮೂರಲ್ಲಿ ಕೆರೆ ಕೆಳಗೆ ಸ್ವಂತ ಗದ್ದೆ ಇದ್ದೋರಿಗೆ ಆ ಕೆಲಸ ಕೊಡ್ತಿರ್ಲಿಲ್ಲ."

"ನಂಗೆಲ್ಲಿದೆಯಮ್ಮಾ ಗದ್ದೆ?"

"ಡ್ರಮ್ಮಿದೆಯಲ್ಲಾ!"

ಬೀದಿಯೇ ನಕ್ಕಿತು. ರಾಯರ ಮನೆಯ ಕಿಟಕಿಯೊಳಗೂ ಯಾರೋ ನಕ್ಕಂತಾಯಿತು. (ಅವರ ಹೆಂಡತಿಯೇ ಅಂತ ನನ್ನ ಗುಮಾನಿ.) ಆ ನಗುವಿನ ನಡುವೆ ಅಮ್ಮ ಸದ್ದಿಲ್ಲದೆ ಒಂದು ಬಿಂದಿಗೆ ತುಂಬಿಸಿ, ಎರಡನೆಯದನ್ನೂ ಕೊಳಾಯಿಗಿಟ್ಟಳು. ಯಾರೂ ತಡೆಯಲಿಲ್ಲ.

ಸಂಜೆಯೇ ರಾಯರು ರಾಜೀನಾಮೆ ಕೊಟ್ಟರು. ಖಾಲಿ ಜಾಗಕ್ಕೆ ಆಗಲೇ ಬೀದಿಯ ಅರ್ಧ ಜನ ನಾನು ತಾನು ಅಂತ ಮುಂದೆ ಬಂದಿದ್ದಾರೆ.

ಡ್ರಮ್ಮು, ಬಿಂದಿಗೆ, ಬಕೆಟ್ಟು ಒಂದೂ ಇಲ್ಲದ, ನೀರೇ ಕುಡಿಯದ ಸಂಸಾರ ಯಾವುದಾದರೂ ನಿಮ್ಮ ಕಡೆ ಇದೆಯೇ? ನಮಗೆ ಅಧ್ಯಕ್ಷರು ಬೇಕಾಗಿದ್ದಾರೆ.