ಗಲ್ಫಿನಿಂದ ಬಂದ ಗುಳಿಗೆ

ವರದಿಯ ಪ್ರಕಾರ ಆ ಹುಡುಗಿಯ ಥೈರಾಯ್ಡ್ ಹಾರ್ಮೋನು ಮಿತಿಮೀರಿತ್ತು. ಅಂಥವರಿಗೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಇವಳೋ ದೂರದ ಹಳ್ಳಿ ದೇಲಂಪಾಡಿಯಿಂದ ಬಂದ ಆಯಾಸಕ್ಕೆ ಲ್ಯಾಬಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಳು. ಕ್ಲಿನಿಕಲ್ ಬಯೋಕೆಮಿಸ್ಟ್ರಿ ಓದುತ್ತಾ ಅಲ್ಲಿ ತರಬೇತಿಯಲ್ಲಿದ್ದ ನನಗೆ ಆ ಅಂಕಿ ನಂಬಲಾಗಲಿಲ್ಲ.

"ಮದ್ದು ಎಂತದೂ ಇಲ್ಲ," ಎಂದರು ಅವಳ ತಾಯಿ. ಬಿಡದೆ ಕೇಳಿದೆ. "ಕೂದಲು ಉದುರುವುದಕ್ಕೆ ಇವಳ ಮಾವ ದುಬಾಯಿಂದ ಕಳಿಸಿದ ಗುಳಿಗೆ ಉಂಟು. ಅದು ಮದ್ದಲ್ಲವಲ್ಲ?"

ಅದರಲ್ಲಿದ್ದ ಬಯೋಟಿನ್ ಎಂಬ ವಿಟಮಿನ್ ಇಂಥ ಪರೀಕ್ಷೆಯ ದಾರಿ ತಪ್ಪಿಸಿ, ಇಲ್ಲದ ಹಾರ್ಮೋನನ್ನು ಇದೆಯೆಂದು ತೋರಿಸಬಲ್ಲದು. ಚಿಕಿತ್ಸೆ ಶುರುವಾಗುವುದರಲ್ಲಿತ್ತು. ಗುಳಿಗೆ ನಿಲ್ಲಿಸಿ ಮತ್ತೊಮ್ಮೆ ನೋಡೋಣ ಎಂದು ಹಟ ಹಿಡಿದೆ, ಡಾಕ್ಟರು ಒಪ್ಪಿದರು. ಎರಡನೇ ವರದಿಯಲ್ಲಿ ಎಲ್ಲವೂ ಸರಿಯಿತ್ತು.

ಈಗ ಸಹಪಾಠಿಗಳು ನಕ್ಕರೂ, ಸೂಜಿ ಹಿಡಿಯುವ ಮೊದಲು ಕೇಳಿಯೇ ಕೇಳುತ್ತೇನೆ: "ಗಲ್ಫಿನಿಂದ ಎಂತಾದರೂ ಬಂದದ್ದು ಉಂಟಾ?"