ಪೀಂ ಎಂದ ಹುಣ್ಣಿವಿ

ನನ್ನ ದನಿಯನ್ನು ನಾನು ಮೊದಲ ಸಲ ಹೊರಗಿನಿಂದ ಕೇಳಿದ್ದು ಬಾಗಲಕೋಟೆಯ ನವನಗರದಲ್ಲಿ, ಕಾರೇ ಇಲ್ಲದ ಒಂದು ಕಾರ್ ಶೆಡ್ಡಿನಲ್ಲಿ. ಮೊಮ್ಮಗಳು ಪಾರಿಯ ಮೊಬೈಲಿನಿಂದ ಯಾರೋ ಮುದುಕಿ "ಹೂಂ… ಎವ್ವಾ… ಹೂಂ" ಎಂದು ಉಸಿರು ಬಿಡುತ್ತಿದ್ದಳು. ಹಿಂದೆ ಧಪ್ ಧಪ್ ಎಂದು ಬಡಿತ.

"ಯಾರವ್ವಾ ಈಕಿ? ಆರಾಮಿಲ್ಲೇನು ಪಾಪ?" ಎಂದೆ.

ಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನ ಆಯಿ! ನೀ ರೊಟ್ಟಿ ಬಡಿಯೂ ಸಪ್ಪಳ ಇದು."

ಗುಡೂರಿನ ನನ್ನ ಮೊಮ್ಮಕ್ಕಳೇ, 'ಪಾರಿ ಅಕ್ಕ ಟೀವಿಯಲ್ಲಿ ಏನು ಬೈದಳು' ಎಂದು ನೀವು ಫೋನಿನಲ್ಲಿ ಕೇಳಿದಿರಿ. ನನಗೆ ಮೊದಲಿಂದಲೂ ಬಾಯಿ ಕಡಿಮೆ. ಊರ ಸಾಲಿಯಲ್ಲಿ ಕಲಿತ ನಾಲ್ಕು ಅಕ್ಷರ ಇನ್ನೂ ಕೈಯಲ್ಲಿವೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅತ್ತೆ ಶಾಂತಾ, ಪಾರಿಯ ಅವ್ವ, ದವಾಖಾನೆಯಲ್ಲಿ ನರ್ಸು. ಒಮ್ಮೆ ಹಗಲು ಪಾಳಿ, ಒಮ್ಮೆ ರಾತ್ರಿ ಪಾಳಿ. ಮನೆಯಲ್ಲಿ ಒಬ್ಬರು ಇರಲಿ ಎಂದು ನನ್ನನ್ನು ಕರೆತಂದಳು. ಗುಡೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಬಹಳ ಹೊತ್ತೇನೂ ಆಗುವುದಿಲ್ಲ, ಆದರೆ ಇಳಿದರೆ ಬೇರೆ ಲೋಕ. ಅಲ್ಲಿ ಹೊಸಬರನ್ನು "ಯಾರ ಪೈಕಿ?" ಎಂದು ಕೇಳುತ್ತೇವೆ. ಇಲ್ಲಿ "ಯಾವ ಸೆಕ್ಟರ್?" ಎನ್ನುತ್ತಾರೆ. ಊರನ್ನು ತುಂಡು ಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿದ್ದಾರೆ, ಆ ತುಂಡಿಗೆ ಸೆಕ್ಟರ್ ಎಂದು ಹೆಸರು. ಎಲ್ಲ ಓಣಿಗಳೂ ಒಂದೇ ತರಹ. ಒಮ್ಮೆ ಬೇರೆಯವರ ಮನೆಗೆ ಹೋಗಿ ಚಪ್ಪಲಿ ಬಿಟ್ಟು, ಒಳಗೆ ಕುಳಿತು, ನೀರು ಕುಡಿದ ಮೇಲೆ ಗೊತ್ತಾಯಿತು.

ಕೆಳಗಿನ ಮನೆಯ ಗಂಗವ್ವ ಹಳೇ ಬಾಗಲಕೋಟೆಯವಳು. ಆಕೆಯ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ನಾನು ಊರು ನೆನೆಸಿ ಕಣ್ಣು ಒರೆಸಿಕೊಂಡರೆ, "ಅಳಬ್ಯಾಡ್ರಿ. ನಿಮ್ಮೂರು ಬಸ್ಸಿಗೆ ಸಿಗತೈತಿ. ನಮ್ಮೂರಿಗೆ ಹೋಗಬೇಕಂದ್ರ ಈಜು ಕಲೀಬೇಕು" ಎನ್ನುತ್ತಾಳೆ. ಆದರೆ ಒಂದು ಮುಂಜಾನೆ ಅವಳೇ ಮೆಟ್ಟಿಲು ಹತ್ತಿ ಬಂದಳು. "ಏನ್ರಿ ಆಯಿ, ದಿನಾ ನಸಿಕಿನ್ಯಾಗ ನಮ್ಮ ತಲಿ ಮ್ಯಾಲ ಗ್ವಾಡಿ ಕೆಡವಾಕತ್ತೀರೇನ್ರಿ?"

ರೊಟ್ಟಿ ಬಡಿತ ಅದು. ಗುಡೂರಿನಲ್ಲಿ ಆ ಸಪ್ಪಳ ಕೇಳದಿದ್ದರೆ, ಏನಾಯಿತೋ ಎಂದು ನೆರೆಯವರು ಓಡಿ ಬರುತ್ತಾರೆ. ಇಲ್ಲಿ ಕೇಳಿದರೆ ಓಡಿ ಬರುತ್ತಾರೆ. ನಾಚಿಕೆಯಾಗಿ ಕಲ್ಲು, ಒಲೆ, ಹಿಟ್ಟು ಎಲ್ಲವನ್ನೂ ಕೆಳಗಿನ ಶೆಡ್ಡಿಗೆ ಒಯ್ದೆ. ಅಲ್ಲೇ ಪಾರಿ ನನ್ನ ಬಡಿತವನ್ನು ಮೊಬೈಲಿನಲ್ಲಿ ಹಿಡಿದದ್ದು.

ಇಳಕಲ್ಲು, ಹುನಗುಂದ, ಬಾದಾಮಿಯ ಹುಡುಗ ಹುಡುಗಿಯರು ಭಾನುವಾರ ಪಾರಿಯ ಜೊತೆ ಆ ಶೆಡ್ಡಿನಲ್ಲಿ ಸೇರುತ್ತಾರೆ. ಅವರು ಹಾಡುವುದಕ್ಕೆ ರ್‍ಯಾಪ್ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ನಳದ ಮುಂದಿನ ಜಗಳ, ತಾಳಕ್ಕೆ ಕೂಡಿಸಿದ್ದು. ನನ್ನ ಸಪ್ಪಳ ಸೇರಿದ ಮೇಲೆ ತಮ್ಮ ಪದ್ಧತಿಗೆ 'ಬಡಿ' ಎಂದು ಹೆಸರಿಟ್ಟುಕೊಂಡರು. ಹಾಡು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿತ್ತು, ಅಷ್ಟೆ. ದೊಡ್ಡವರಿಗೆ ಸುದ್ದಿಯೇ ಇರಲಿಲ್ಲ. ನನಗೂ ಹಾಗೇ ಇದ್ದದ್ದು ಚೆನ್ನಾಗಿತ್ತು.

ಪಾರಿ ನನ್ನ ಮೇಲೆ ಒಂದು ಹಾಡು ಕಟ್ಟಿದಳು. ಹೊಸ್ತಿಲ ಹುಣ್ಣಿವಿಯ ದಿನ ಎಲ್ಲವ್ವನ ಬಳೆ ಒಡೆಯುತ್ತೇವಲ್ಲ, ಅದನ್ನು ನಾವು ರಂಡಿ ಹುಣ್ಣಿವಿ ಎನ್ನುತ್ತೇವೆ. ರಂಡಿ ಎಂದರೆ ಗಂಡ ಸತ್ತವಳು. ಮುಂದೆ ಮುತ್ತೈದಿ ಹುಣ್ಣಿವಿಗೆ ದೇವಿಗೆ ತಿರುಗಿ ಬಳೆ ಇಡುತ್ತೇವೆ. ಪಾರಿಯ ಹಾಡಿನ ಮಾತು ಇಷ್ಟೇ:

"ರಂಡಿ ಹುಣ್ಣಿವಿ ಎಲ್ಲವ್ವಗೂ ಬಂತು, ನಮ್ಮಾಯಿಗೂ ಬಂತು,
ಎಲ್ಲವ್ವಗ ಬಳಿ ತಿರುಗಿ ಬಂತು, ನಮ್ಮಾಯಿ ಕೈ ಹಂಗs ನಿಂತು."

"ಇದನ್ನ ಹಾಡ್ಲ್ಯಾ ಬ್ಯಾಡಾ, ನೀ ಹೇಳಾಯಿ" ಎಂದಳು. ಮದುವೆ ಮನೆಯಲ್ಲಿ ನಾನು ಅಕ್ಕಿಕಾಳಿಗೆ ಕೈ ಚಾಚಿದಾಗ ಅದೇ ಮಾತಿನಿಂದ ನನ್ನನ್ನು ಹಿಂದಕ್ಕೆ ಸರಿಸಿದ್ದು ನೆನಪಾಯಿತು. "ಹಾಡು" ಎಂದೆ.

ಆ ಹಾಡನ್ನು ಯಾರದೋ ಮೊಬೈಲಿನಲ್ಲಿ ಕೇಳಿ ಟೀವಿಯವರು ಬಂದರು. ಬೆಂಗಳೂರಿನ ಹುಡುಗ, ಒಳ್ಳೆಯವನೇ, ಆದರೆ ನಮ್ಮ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ. "ಈ ಹುಬ್ಬಳ್ಳಿ ಭಾಷೆ ತುಂಬಾ ಸ್ವೀಟ್" ಎಂದ.

"ನಾವು ಹುಬ್ಬಳ್ಳಿಯವ್ರಲ್ರಿ" ಎಂದಳು ಪಾರಿ.

"ಎಲ್ಲಾ ಒಂದೇ ಅಲ್ವಾ?"

ನನ್ನ ನೈಲಾನ್ ಸೀರೆ ಅವನಿಗೆ ಹಿಡಿಸಲಿಲ್ಲ. ಇಳಕಲ್ ಸೀರೆ ಉಡಿಸಿದ. ಗ್ಯಾಸಿನ ಒಲೆಯನ್ನು ಗೋಣಿಚೀಲದಿಂದ ಮುಚ್ಚಿದ. ಹಗಲು ಹೊತ್ತಿನಲ್ಲಿ ಒಂದು ಕಂದೀಲು ಹಚ್ಚಿಸಿದ. "ಅಜ್ಜಿ, ಸ್ವಲ್ಪ ನಗ್ತಾ ರೊಟ್ಟಿ ತಟ್ಟಿ" ಎಂದ. ಹೆಂಚು ಕಾದಿದೆ, ರೊಟ್ಟಿ ಸೀಯುತ್ತಿದೆ, ನಗುವುದು ಯಾವುದಕ್ಕೆ?

ಟೀವಿಯಲ್ಲಿ ಬಂದಾಗ ಕೆಳಗೆ 'ಗುಡಿಸಲಲ್ಲಿ ಅರಳಿದ ರ್‍ಯಾಪ್' ಎಂದು ಬರೆದಿದ್ದರು. ಶಾಂತಾ ಇನ್ನೂ ಸಾಲದ ಕಂತು ಕಟ್ಟುತ್ತಿರುವ ಸಿಮೆಂಟಿನ ಮನೆ ಇದು! ಅದನ್ನೂ ನುಂಗಿಕೊಂಡೆವು. ಪಾರಿ ಬಾಯಿ ತೆರೆದಳು: "ಪೀಂ ಹುಣ್ಣಿವಿ ಎಲ್ಲವ್ವಗೂ ಬಂತು…"

ಟೀವಿಯವರು ಕೆಟ್ಟ ಬೈಗುಳದ ಮೇಲೆ ಹಾಕುವ ಪೀಂ ಸದ್ದು ಅದು. ಮಾತು ಮುಚ್ಚಿದ ಮೇಲೆ ನೋಡುವವರು ತಮಗೆ ಗೊತ್ತಿದ್ದ ಅತಿ ಹೊಲಸು ಮಾತನ್ನು ಅಲ್ಲಿ ತುಂಬಿಕೊಂಡರು. ನಿಮ್ಮ ಅಪ್ಪ ಗುಡೂರಿನಿಂದ ಫೋನ್ ಮಾಡಿ, "ಅವ್ವಾ, ಹುಡುಗಿ ಎಲ್ಲವ್ವಗ ಬೈತಾಳಂತ, ಊರಾಗ ತಲಿ ಎತ್ತದಂಗಾತು" ಎಂದ. ಗಂಗವ್ವನೂ ಬಂದು, "ಏನಂದ್ಲ್ರಿ? ನನ್ನ ಕಿವ್ಯಾಗಷ್ಟ ಹೇಳ್ರಿ" ಎಂದಳು. ಹೇಳಿದೆ. "ಅಯ್ಯ, ಇಷ್ಟ ಏನು? ನಾನೂ ಅದs ಅಲ್ಲೇನ್ರಿ?" ಎಂದು ಸಪ್ಪಗೆ ಹೊರಟುಹೋದಳು.

ಮುಂದಿನ ವಾರ ಆ ಹುಡುಗನ ಫೋನು. ಬೆಂಗಳೂರಿನ ದೊಡ್ಡ ವೇದಿಕೆಯಲ್ಲಿ ಎಲ್ಲರೂ ಹಾಡಬೇಕಂತೆ, ಒಂದು ಮಾತು ಮಾತ್ರ ಬದಲಿಸಬೇಕಂತೆ. 'ವಿಧವೆ ಹುಣ್ಣಿಮೆ' ಎನ್ನಬೇಕಂತೆ. ಅಂಥ ಹುಣ್ಣಿಮೆ ಯಾವ ಪಂಚಾಂಗದಲ್ಲಿದೆಯೋ ಶಿವನೇ ಬಲ್ಲ. ಇಳಕಲ್ಲಿನ ಹುಡುಗರು, "ಒಂದು ಮಾತಲ್ಲೇನು, ಬಿಡು ಪಾರಿ" ಎಂದರು. ಅವರಿಗೂ ಇಂಥ ದಿನ ಮತ್ತೆ ಬರುತ್ತದೋ ಇಲ್ಲವೋ. ಪಾರಿ ಫೋನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಆಸೆಯೂ ಇತ್ತು, ನಾನೇನನ್ನುವೆನೋ ಎಂಬ ಹೆದರಿಕೆಯೂ ಇತ್ತು.

ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡೆ. ಜನ್ಮದಲ್ಲಿ ಪರಗಂಡಸಿಗೆ ಎದುರು ಮಾತಾಡಿದವಳಲ್ಲ.

"ತಮ್ಮಾ," ಎಂದೆ, "ಆ ಮಾತು ತುಂಬಿದ ಹಂದರದಾಗ ನನಗ ಅಂದಾರ. ಆವಾಗ ಯಾರೂ ಪೀಂ ಅನಸಲಿಲ್ಲ. ಈಗ ನನ್ನ ಮೊಮ್ಮಗಳು ತಿರುಗಿ ಅಂದ್ರ ನಿಮಗ ಯಾಕ ನಾಚಿಕಿ?"

ಆ ಕಡೆಯಿಂದ, "ಸೂಪರ್ ಅಜ್ಜಿ! ಇದನ್ನೇ ಕ್ಯಾಮೆರಾ ಮುಂದೆ ಹೇಳ್ತೀರಾ?"

ಫೋನು ಪಾರಿಗೆ ಕೊಟ್ಟು ರೊಟ್ಟಿಗೆ ಕುಳಿತೆ. "ಮಾತು ಬದಲಾಗೂದಿಲ್ರಿ" ಎಂದು ಅವಳು ಹೇಳುವುದು ಕೇಳಿಸಿತು. ಉಳಿದವರೆಲ್ಲ ಬೆಂಗಳೂರಿಗೆ ಹೋಗಿ ಬೇರೆ ಹಾಡು ಹಾಡಿ ಬಂದರು. ಪಾರಿ ಹೋಗಲಿಲ್ಲ. ಆ ಭಾನುವಾರ ಶೆಡ್ಡಿನಲ್ಲಿ ಅವಳೊಬ್ಬಳೇ ಇದ್ದಳು, ಗಂಗವ್ವ ತಾನಾಗಿಯೇ ಬಂದು ಪಕ್ಕಕ್ಕೆ ಕುಳಿತು ಆ ಹಾಡನ್ನು ಎರಡು ಸಲ ಹಾಡಿಸಿದಳು.

ಈಗ ನಾನು ಗುಡೂರಿಗೆ ಬಂದರೆ "ನವನಗರದಾಕಿ ಬಂದ್ಲು" ಎನ್ನುತ್ತೀರಿ. ಇಲ್ಲಿ ನಾನು ಇನ್ನೂ "ಗುಡೂರ ಆಯಿ". ಹುಣ್ಣಿವಿಗೆ ಬರುತ್ತೇನೆ, ಪಾರಿಯನ್ನೂ ಕರೆತರುತ್ತೇನೆ, ನಿಮ್ಮ ಅಪ್ಪನಿಗೆ ಹೇಳಿರಿ. ಯಾವ ಹುಣ್ಣಿವಿಗೆ ಹೊರಟಿರಿ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಅದರ ಹೆಸರನ್ನು ಪೂರ್ತಿ ಹೇಳುತ್ತೇನೆ. ಎಲ್ಲಿಯವರು ಎಂದು ಕೇಳಿದರೆ ಏನು ಹೇಳಬೇಕೋ, ಅದು ಮಾತ್ರ ನನಗೆ ಇನ್ನೂ ತಿಳಿದಿಲ್ಲ.