ಪದಗಳ ಬಾಲ ಕತ್ತರಿಸಿದ್ದು

ತಪ್ಪು ಉಚ್ಚಾರಣೆ ಕಿವಿಗೆ ಬಿದ್ದರೆ ನನಗೆ ಸುಮ್ಮನಿರಲಾಗುವುದಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಎಂಟು ವರ್ಷ ಇಂಗ್ಲಿಷ್ ಪಾಠ ಹೇಳಿದ ಫಲ ಅದು. ಗಂಡನ ಕೆಲಸದ ಹಿಂದೆ ಜಪಾನಿನ ಕೋಬೆಗೆ ಬಂದಮೇಲೆ ಪಾಠ ನಿಂತಿತು, ಚಟ ನಿಲ್ಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಗಂಡ ಆಡಿಕೊಳ್ಳುತ್ತಿದ್ದರು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಹಾಡುಗಾರರಿದ್ದರು. ಎಪ್ಪತ್ತೈದು ದಾಟಿದ ವಯಸ್ಸು. ಹಾಡುತ್ತಿದ್ದುದು ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು: ಕುದುರೆ, ರೈಲು, ಬಿಟ್ಟುಹೋದ ಹೆಂಗಸರು. ಚಿಕ್ಕಂದಿನಲ್ಲಿ ಅಮೆರಿಕನ್ ಸೈನಿಕರ ರೇಡಿಯೋ ಕೇಳಿ ಕಲಿತದ್ದಂತೆ. ಹಗಲು ಶೂ ಕಾರ್ಖಾನೆಯಲ್ಲಿ ಅಂಟು ಬಳಿದು, ಸಂಜೆ ಬಂದರಿನ ಬಳಿಯ ಪುಟ್ಟ ಬಾರಿನಲ್ಲಿ ಅಗಲ ಟೋಪಿ ಹಾಕಿಕೊಂಡು ಹಾಡಿದವರು. ಒಂದೇ ಒಂದು ರೆಕಾರ್ಡ್ ಬಂತು, ಅಷ್ಟಾಗಿ ಯಾರೂ ಕೊಳ್ಳಲಿಲ್ಲ. ತೊಂಬತ್ತೈದರ ದೊಡ್ಡ ಭೂಕಂಪದಲ್ಲಿ ಬಾರು ಕುಸಿದಾಗ, ಮನೆ ಕಳೆದುಕೊಂಡವರು ಮಲಗಿದ್ದ ಶಾಲೆಯ ಹಾಲ್‌ನಲ್ಲಿ ಕೂತು ಹಾಡಿದರಂತೆ. ಅಂದು ಕೇಳಿದವರು ಇಂದಿಗೂ ಅವರನ್ನು ಬಿಟ್ಟಿಲ್ಲ. ಬಿಡುವಂಥ ದನಿಯೂ ಅಲ್ಲ ಅದು. ಬಿಸಿ ಅನ್ನದ ಮೇಲೆ ತುಪ್ಪ ಇಳಿದ ಹಾಗೆ, ಎಲ್ಲೂ ತಡೆಯದೆ ಇಳಿಯುತ್ತಿತ್ತು.

ಕಳೆದ ವರ್ಷ ಅವರು ಕಡೆಯ ಕಾರ್ಯಕ್ರಮ ಕೊಡಲು ತೀರ್ಮಾನಿಸಿದರು. ಐವತ್ತು ವರ್ಷ ಹಾಡಿದ್ದಾಯಿತು, ದನಿ ಇರುವಾಗಲೇ ನಿಲ್ಲಿಸಬೇಕು ಎಂಬುದು ಅವರ ಹಟ. ಒಂದು ಭಾನುವಾರ ಸಿಹಿಯ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತಲೇ ಜಪಾನಿಯಲ್ಲಿ ಶುರು ಮಾಡಿದರು. “ಇಂಡಿಯಾದವರಿಗೆ ಇಂಗ್ಲಿಷ್ ಚೆನ್ನಾಗಿ ಬರತ್ತಂತೆ. ಕೊನೇ ಸಲನಾದ್ರೂ ಸರಿಯಾಗಿ ಹಾಡ್ಬೇಕು ಅಂತ ಆಸೆ. ತಪ್ಪು ತಿದ್ದಿಕೊಡ್ತೀರಾ?”

ಅವರ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಹಾಡೆಲ್ಲ ಜಪಾನಿ ಅಕ್ಷರದಲ್ಲಿತ್ತು. ಹೆಚ್ಚುಕಡಿಮೆ ಪ್ರತಿ ಪದದ ಬಾಲಕ್ಕೂ ಒಂದು ಸ್ವರ ಅಂಟಿಕೊಂಡಿತ್ತು, ‘ನೈಟ್’ ಹೋಗಿ ‘ನೈಟೊ’ ಆಗಿತ್ತು. ನಾವೂ ಬಸ್ಸು, ಕಾರು ಅನ್ನುವವರೇ. ನನ್ನ ಅಮ್ಮ ತೆಲುಗು ಕೀರ್ತನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಜೀವಮಾನವಿಡೀ ಹಾಡಿದವಳು. ಪುಣ್ಯಕ್ಕೆ ತೆಲುಗಿನವರು ಯಾರೂ ಬಂದು ತಿದ್ದಲಿಲ್ಲ. ಇದೆಲ್ಲ ಈಗ ಹೊಳೆಯುತ್ತದೆ. ಆಗ ಕಣ್ಣಿಗೆ ಕಂಡದ್ದು ಕೆಂಪು ಪೆನ್ನು ಮಾತ್ರ.

ಎಂಟು ಭಾನುವಾರ ಕೂರಿಸಿದೆ. ನಾಲಿಗೆ ಎಲ್ಲಿಡಬೇಕು, ತುಟಿ ಯಾವಾಗ ಮುಚ್ಚಬೇಕು, ಪದ ಎಲ್ಲಿಗೆ ನಿಲ್ಲಬೇಕು ಎಲ್ಲ ಹೇಳಿಕೊಟ್ಟೆ. ಅವರು ಮಗ್ಗಿ ಒಪ್ಪಿಸುವವರಂತೆ ಒಪ್ಪಿಸುತ್ತಿದ್ದರು. ಬರುಬರುತ್ತಾ ತಪ್ಪು ಕಡಿಮೆಯಾಯಿತು. ಎಷ್ಟು ಖುಷಿಪಟ್ಟೆ ನಾನು! ಒಂದು ದಿನವೂ ಹಾಡಿಸಿ ನೋಡಲಿಲ್ಲ, ಓದಿಸಿದೆ ಅಷ್ಟೇ.

ಕಾರ್ಯಕ್ರಮ ಮಧ್ಯಾಹ್ನವಿತ್ತು. ಅರವತ್ತು ಜನ ಇದ್ದರೇನೋ, ಹೆಚ್ಚಿನವರು ಅವರ ವಯಸ್ಸಿನವರೇ. ಮೊದಲ ಸಾಲಿಗೇ ನನಗೆ ಗೊತ್ತಾಯಿತು. ಉಚ್ಚಾರಣೆ ಚೊಕ್ಕವಾಗಿತ್ತು, ಹಾಡೇ ಇರಲಿಲ್ಲ. ಒಂದು ಪದದಿಂದ ಇನ್ನೊಂದಕ್ಕೆ ಅವರ ದನಿ ಜಾರಿ ಹೋಗುತ್ತಿದ್ದುದು ಆ ಬಾಲದ ಸ್ವರಗಳ ಮೇಲೆಯೇ. ಅವನ್ನೆಲ್ಲ ನಾನು ಕತ್ತರಿಸಿ ಹಾಕಿದ್ದೆ. ಈಗ ಅವರು ಪದಪದಕ್ಕೂ ನಿಂತು, ನೋಡಿಕೊಂಡು, ಮುಂದೆ ಕಾಲಿಡುತ್ತಿದ್ದರು.

“ಏನೇ ಮಾಡಿದೆ ಅವರಿಗೆ?” ಗಂಡ ಪಿಸುಗುಟ್ಟಿದರು. “ಎಗ್ಸಾಮ್ ಬರೀತಿರೋ ಥರ ಹಾಡ್ತಿದಾರಲ್ಲ.”

ವಿರಾಮದಲ್ಲಿ ವೇದಿಕೆಯ ಹಿಂದಕ್ಕೆ ಓಡಿದೆ. “ನಾನು ಹೇಳಿದ್ದೆಲ್ಲ ಮರೆತುಬಿಡಿ. ದಯವಿಟ್ಟು. ಮೊದಲಿನ ಥರಾನೇ ಹಾಡಿ,” ಎಂದೆ.

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

“ಟ್ರೈ ಮಾಡಿದೆ. ಎರಡನೇ ಹಾಡಿಗೇ ನನಗೂ ಗೊತ್ತಾಯ್ತು. ಆದ್ರೆ ತಪ್ಪು ಅಂತ ತಿಳಿದ್ಮೇಲೆ ನಾಲಿಗೆ ಆ ಕಡೆ ಹೊರಳಲ್ಲ.”

ವಿರಾಮದ ನಂತರವೂ ಹಾಗೆಯೇ ಸಾಗಿತು. ಜನ ಪ್ರತಿ ಹಾಡಿಗೂ ತಪ್ಪದೆ ಚಪ್ಪಾಳೆ ತಟ್ಟಿದರು, ಕೆಲವರು ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ನೋಡುತ್ತ ಕೂತರು. ಕಡೆಯ ಹಾಡಿಗೆ ಮೊದಲು ಅವರು ಮೈಕಿನ ಹತ್ತಿರ ಬಂದು ನನ್ನತ್ತ ಕೈ ತೋರಿಸಿದರು. ಐವತ್ತು ವರ್ಷದಲ್ಲಿ ಇದೇ ಮೊದಲ ಬಾರಿ ಸರಿಯಾಗಿ ಹಾಡಿದ್ದೇನೆ, ಅದಕ್ಕೆ ಕಾರಣ ಮೇಲಿನ ಮನೆಯ ಈ ಗುರು, ಎಂದರು. ಇಡೀ ಹಾಲ್ ನನ್ನ ಕಡೆ ತಿರುಗಿ ಬಾಗಿತು.

ನಾನೂ ಎದ್ದು ಬಾಗಿದೆ. ಮುಖ ತೋರಿಸುವ ಧೈರ್ಯ ಬರುವವರೆಗೆ ತಲೆ ಎತ್ತಲಿಲ್ಲ. ಎತ್ತುವಷ್ಟರಲ್ಲಿ ಅವರು ಕಡೆಯ ಹಾಡು ಶುರು ಮಾಡಿದ್ದರು, ಒಂದೂ ತಪ್ಪಿಲ್ಲದೆ.